ಕತ್ತರಿಗೆ ಸಿಕ್ಕದ ‘ಮ್’

ಗ್ರಂಥಾಲಯದಲ್ಲಿ ಅವರನ್ನು ಎಲ್ಲರೂ ಕತ್ತರಿ ಸಾರ್ ಎಂದೇ ಕರೆಯುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. ಕಣ್ಣು ಕಾಣದವರಿಗೆಂದು ಪುಸ್ತಕಗಳನ್ನು ಓದಿಸಿ, ಆ ಓದನ್ನು ಧ್ವನಿಮುದ್ರಿಸಿ ಮನೆಮನೆಗೆ ಕಳಿಸಿಕೊಡುವ ಗ್ರಂಥಾಲಯ ಅದು. ಓದುವವರು ಎಷ್ಟೇ ಜಾಣರಾದರೂ ಮನುಷ್ಯರೇ ತಾನೆ? ಕೆಮ್ಮುತ್ತಾರೆ, ಎಂಜಲು ನುಂಗುತ್ತಾರೆ, ಸಾಲು ತಪ್ಪುತ್ತಾರೆ, ಊಟಕ್ಕೆ ಹೊತ್ತಾದರೆ ಹೊಟ್ಟೆ ಗುರ್ರೆನ್ನುತ್ತದೆ. ಅದನ್ನೆಲ್ಲ ಕತ್ತರಿಸಿ ತೆಗೆದು, ಕೇಳುವವರ ಕಿವಿಗೆ ಬರಿಯ ಪುಸ್ತಕವನ್ನು ಮಾತ್ರ ಮುಟ್ಟಿಸುವುದು ಕತ್ತರಿ ಸಾರ್ ಕೆಲಸ. ಮೊದಲು ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದರು, ಆಮೇಲೆ ಕಂಪ್ಯೂಟರಿನಲ್ಲಿ. ಒಟ್ಟು ಮೂವತ್ತಮೂರು ವರ್ಷ. ತಾವು ಮುಗಿಸಿದ ಪುಸ್ತಕದಲ್ಲಿ ಒಂದು ಉಸಿರು ಹೆಚ್ಚಿಗೆ ಇದೆ ಎಂದು ಯಾರಾದರೂ ತೋರಿಸಿದರೆ ಕೆಲಸ ಬಿಡುತ್ತೇನೆ ಎಂದು ಅವರು ಹೇಳುತ್ತಿದ್ದರು. ಯಾರೂ ತೋರಿಸಿರಲಿಲ್ಲ. ಈ ಜಂಬವೊಂದು ಅವರಿಗಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಅವರ ಕತ್ತರಿಗೆ ಎಲ್ಲರಿಗಿಂತ ಹೆಚ್ಚಾಗಿ ಸಿಕ್ಕಿದವಳು ಅವರ ಹೆಂಡತಿ. ಅವಳು ಗ್ರಂಥಾಲಯದ ಮುಖ್ಯ ಓದುಗಾರ್ತಿ, ಓದಿದ್ದು ಇನ್ನೂರ ಹನ್ನೆರಡು ಪುಸ್ತಕ. ಸ್ಪಷ್ಟವಾದ, ಅವಸರವಿಲ್ಲದ ಧ್ವನಿ. ಎಲ್ಲ ಸರಿ, ಒಂದೇ ಒಂದು ದೋಷ. ಹೊಸ ಪ್ಯಾರಾ ಶುರುಮಾಡುವ ಮೊದಲು ತುಟಿ ಬಿಚ್ಚದೆ ಒಂದು ‘ಮ್’ ಎನ್ನುತ್ತಿದ್ದಳು. ಬಾಯಿ ಮುಚ್ಚಿಯೇ ಇರುತ್ತಿತ್ತು, ಸದ್ದು ಮೂಗಿನಿಂದ ಬರುತ್ತಿತ್ತು, ಕಣ್ಣು ಮಿಟುಕಿಸುವಷ್ಟು ಹೊತ್ತು. ಬೇರೆಯವರ ಮನೆಯ ಒಳಗೆ ಕಾಲಿಡುವ ಮೊದಲು ಬಾಗಿಲನ್ನು ಒಮ್ಮೆ ಮುಟ್ಟುತ್ತೇವಲ್ಲ, ಹಾಗೆ.

ಓದುವ ಕೋಣೆಗೂ ತಮ್ಮ ಮೇಜಿಗೂ ನಡುವಿನ ಗಾಜಿನ ಈಚೆಯಿಂದ ಕತ್ತರಿ ಸಾರ್ ಗುಂಡಿ ಒತ್ತಿ ಒಳಗಿನ ಸ್ಪೀಕರಿನಲ್ಲಿ ಹೇಳುತ್ತಿದ್ದರು: “ಮತ್ತೆ ಅಂದೆ.”

“ಏನಂದೆ?”

“ಮ್ ಅಂದೆ.”

“ನಾನೆಲ್ಲಿ ಅಂದೆ? ನಿಮ್ಮ ಕಿವೀಲೇ ಏನೋ ಇದೆ, ತೊಳಸ್ಕೊಳ್ಳಿ.”

ಅವರು ಹಿಂದಕ್ಕೆ ಹೋಗಿ ಅದನ್ನೇ ಕೇಳಿಸುತ್ತಿದ್ದರು. ಅವಳು ಕೇಳಿ, ಮುಖ ಮುಚ್ಚಿಕೊಂಡು ನಗುತ್ತಿದ್ದಳು. ಮುಂದಿನ ಪ್ಯಾರಾಕ್ಕೆ ಮತ್ತೆ ಅದೇ. ಮದುವೆಯಾದ ಹೊಸದರಲ್ಲಿ ಇದಕ್ಕಾಗಿ ಜಗಳವೂ ಆಗಿತ್ತು. ಕೊನೆಗೆ ಅವಳೇ ಒಂದು ತೀರ್ಮಾನ ಕೊಟ್ಟುಬಿಟ್ಟಳು. “ನಾನು ಅನ್ನೋದು, ನೀವು ಕತ್ತರಿಸೋದು. ಇಬ್ಬರಿಗೂ ಕೆಲಸ ಅಂತ ಒಂದು ಇರ್ಬೇಕಲ್ಲ ರೀ.”

ಹಾಗೆಯೇ ನಡೆಯಿತು. ಪುಟಕ್ಕೆ ಮೂರು ನಾಲ್ಕರಂತೆ ಲಕ್ಷಕ್ಕೂ ಮೀರಿದ ‘ಮ್’ಗಳನ್ನು ಕತ್ತರಿ ಸಾರ್ ಹೆಕ್ಕಿ ತೆಗೆದು ಎಸೆದರು. ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟು ನಿಷ್ಠೆಯಿಂದ ಮಾಡಿದರು, ಒಂದೂ ಉಳಿಯದಂತೆ.

ಮನೆಯಲ್ಲಿ ಕತ್ತರಿ ಇರಲಿಲ್ಲ. ಅಲ್ಲಿ ಅವಳ ‘ಮ್’ಗೆ ಪೂರ್ತಿ ಸ್ವಾತಂತ್ರ್ಯವಿತ್ತು. ಅವಳು ಮಾತು ಕಡಿಮೆ ಆಡುತ್ತಿದ್ದಳು. ದಿನವೆಲ್ಲ ಬೇರೆಯವರ ಮಾತು ಓದಿ ಬಾಯಿ ಸೋತಿರುತ್ತಿತ್ತು. ಕತ್ತರಿ ಸಾರ್ ದಿನವೆಲ್ಲ ಬಾಯಿ ಮುಚ್ಚಿ ಕೇಳುತ್ತಿದ್ದವರು, ಮನೆಗೆ ಬಂದರೆ ಕಟ್ಟೆ ಒಡೆದ ಹಾಗೆ ಆಡುತ್ತಿದ್ದರು. ನಲ್ಲಿ ಸೋರುತ್ತಿದೆ, ಪಕ್ಕದ ಮನೆಯವನು ಮತ್ತೆ ಗಾಡಿಯನ್ನು ನಮ್ಮ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದಾನೆ, ಗ್ರಂಥಾಲಯದ ಮೇಡಂಗೆ ತಲೆಬುಡ ಗೊತ್ತಿಲ್ಲ. ಎಲ್ಲದಕ್ಕೂ ಅವಳದು ‘ಮ್’. ಆದರೆ ಒಂದರಂತೆ ಒಂದಿರುತ್ತಿರಲಿಲ್ಲ. ಕೊನೆಯಲ್ಲಿ ಮೇಲಕ್ಕೆ ಹೋದರೆ ‘ಆಮೇಲೇನಾಯ್ತು’ ಎಂದು. ಕೆಳಗೆ ಇಳಿದರೆ ‘ಗೊತ್ತಾಯ್ತು, ಇರಲಿ ಬಿಡಿ’ ಎಂದು. ಗಿಡ್ಡಗೆ ಬಂದರೆ ‘ಈ ಕಥೆ ನಿನ್ನೆಯೂ ಹೇಳಿದ್ರಿ’ ಎಂದು. ಉದ್ದಕ್ಕೆ ಎಳೆದರೆ ಕತ್ತರಿ ಸಾರ್ ತೆಪ್ಪಗೆ ಎದ್ದು ತಮ್ಮ ತಟ್ಟೆಯನ್ನು ತಾವೇ ತೊಳೆಯುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕಲಿತ ಭಾಷೆ ಇದೊಂದೇ, ಇದರಲ್ಲಿ ಅವರು ಪಂಡಿತರು.

ಅವಳು ಹೋಗಿ ಮೂರು ವರ್ಷವಾಗಿತ್ತು. ರಕ್ತದ ಕಾಯಿಲೆ, ವರದಿ ಬಂದ ದಿನದಿಂದ ಲೆಕ್ಕ ಹಾಕಿದರೆ ಏಳು ತಿಂಗಳು. ಆ ವರದಿಯಲ್ಲಿ ಏನಿತ್ತೆಂಬುದನ್ನು ಕತ್ತರಿ ಸಾರ್ ಅವಳಿಗೆ ಹೇಳಲಿಲ್ಲ. ಡಾಕ್ಟರರಿಗೆ ಹೇಳಬೇಡಿ ಎಂದರು, ಮಗಳಿಗೆ ಆಣೆ ಹಾಕಿಸಿದರು. ರಕ್ತ ಕಡಿಮೆಯಾಗಿದೆ, ಮಾತ್ರೆ ತಗೊಂಡರೆ ಸರಿಹೋಗುತ್ತೆ ಎಂದು ಹೇಳಿಕೊಂಡು ಏಳು ತಿಂಗಳು ಹೊರಗೆ ನಗುತ್ತ, ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತ ಕಳೆದರು. ಮಗಳಿಗೆ ಅದು ಇವತ್ತಿಗೂ ನುಂಗಲಾರದ ತುತ್ತು. “ಅಮ್ಮಂಗೆ ಹೇಳ್ಬೇಕಿತ್ತಪ್ಪ,” ಎನ್ನುತ್ತಾಳೆ. ಅದಕ್ಕೆ ಅವರ ಉತ್ತರ ಯಾವಾಗಲೂ ಒಂದೇ. “ಅವಳು ಒಂದ್ಸಲನಾದ್ರೂ ಕೇಳಿದ್ರೆ ಹೇಳ್ತಿದ್ದೆ. ಕೇಳ್ಲೇ ಇಲ್ವಲ್ಲ.” ಈ ಒಂದು ಮಾತನ್ನು ಆತುಕೊಂಡೇ ಅವರು ಮೂರು ವರ್ಷ ಬದುಕಿದ್ದರು.

ಮನೆಯಲ್ಲಿ ಈಗಲೂ ಅಭ್ಯಾಸ ತಪ್ಪಿರಲಿಲ್ಲ. ಬೆಳಿಗ್ಗೆ ಎದ್ದು, “ಇವತ್ತು ಚಳಿ ಜಾಸ್ತಿ,” ಎಂದು ಅಡುಗೆಮನೆಯ ಕಡೆ ಹೇಳುತ್ತಿದ್ದರು. ಹೇಳಿ, ಒಂದು ಕ್ಷಣ ನಿಲ್ಲುತ್ತಿದ್ದರು. ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಒಂದು ಕ್ಷಣದಷ್ಟು ಕೆಟ್ಟ ಹೊತ್ತು ಅವರ ದಿನದಲ್ಲಿ ಇನ್ನೊಂದಿರಲಿಲ್ಲ.

ಆ ಸೋಮವಾರ ಬೆತ್ತದಣ್ಣ ಬಂದ. ಕುರ್ಚಿಗಳಿಗೆ ಬೆತ್ತ ಹೆಣೆಯುವವನು, ಹುಟ್ಟಿದಂದಿನಿಂದ ಕಣ್ಣಿಲ್ಲ, ವಾರಕ್ಕೊಮ್ಮೆ ಬಂದು ಹಳೆಯ ಪುಸ್ತಕ ಕೊಟ್ಟು ಹೊಸದು ಒಯ್ಯುತ್ತಾನೆ. ಬೆರಳುಗಳು ಬೆತ್ತದಷ್ಟೇ ಗಟ್ಟಿ, ನಾಲಗೆ ಅದಕ್ಕಿಂತ ಸ್ವಲ್ಪ ಹರಿತ. ಗ್ರಂಥಾಲಯ ಶುರುವಾದಾಗಿನಿಂದ ಬರುತ್ತಿರುವ ಹಳಬ.

“ಸಾರ್, ಬಹಳ ದಿನದಿಂದ ಒಂದು ಕೇಳ್ಬೇಕು ಅಂತಿದ್ದೆ,” ಎಂದ. “ನಿಮ್ಮ ಮನೆಯವರು ಓದಿದ ಮೊದಲನೇ ಪುಸ್ತಕ ಇತ್ತಲ್ಲ, ನೀವು ಈ ಕೆಲ್ಸಕ್ಕೆ ಬರೋಕ್ಕೆ ಮುಂಚಿಂದು, ಹಡಗಿನ ಕಥೆ, ಅದ್ರಲ್ಲಿ ಅವರು ನಡುನಡುವೆ ಮ್ ಅಂತಿದ್ರು. ಕೆಲಸ ಮಾಡ್ತಾ ಕೇಳ್ತಿದ್ನಾ, ಯಾರೋ ನನ್ನ ಪಕ್ಕ ಕೂತಿದ್ದಾರೆ ಅನ್ಸೋದು. ನಾನೂ ಮ್ ಅಂತಿದ್ದೆ. ಎರಡನೇ ಪುಸ್ತಕದಿಂದ ಇಲ್ಲ. ಓದೋದೇನೋ ಚೆನ್ನಾಗೇ ಇತ್ತು, ಆದ್ರೆ ಜನ ಎದ್ದು ಹೋದ ಮನೆ ಹಾಗೆ. ಯಾರು ಸಾರ್ ಅದನ್ನ ತೆಗ್ಸಿದ್ದು?”

ಕತ್ತರಿ ಸಾರ್ ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. “ನಾನೇ,” ಎಂದರು.

“ಓ,” ಎಂದ ಬೆತ್ತದಣ್ಣ. “ಇರ್ಲಿ ಬಿಡಿ, ನಿಮ್ಮ ಕೆಲ್ಸ ಅದು,” ಎಂದು ಕೋಲು ಹುಡುಕಿಕೊಂಡು ಹೊರಟುಹೋದ.

ಅಲ್ಲಿಯವರೆಗೆ ಅವರಿಗೆ ಇದು ಹೊಳೆದಿರಲೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮೂರು ವರ್ಷದಿಂದ ಯಾವುದಕ್ಕಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದರೋ ಅದನ್ನು ತಾವೇ ಒಂದೊಂದಾಗಿ ಆರಿಸಿ ಎಸೆದಿದ್ದರು. ಕಂಡವರೆಲ್ಲ ಹೇಳುತ್ತಿದ್ದರು, ನೀವು ಪುಣ್ಯವಂತರು ಸಾರ್, ಸಾವಿರಾರು ಗಂಟೆ ಅವರ ಧ್ವನಿ ಇದೆಯಲ್ಲ, ಯಾರಿಗುಂಟು ಯಾರಿಗಿಲ್ಲ. ಇತ್ತು, ಬೇಕಾದಷ್ಟಿತ್ತು. ಅದರಲ್ಲಿ ಅವಳು ರಾಣಿಯಾಗಿ ಮಾತಾಡಿದ್ದಳು, ಕೊಲೆಗಾರನಾಗಿ, ಜೇನು ಸಾಕುವುದು ಹೇಗೆಂದು ಹೇಳಿಕೊಡುವವಳಾಗಿ. ಅವರ ಹೆಂಡತಿಯಾಗಿ ಒಂದು ಮಾತೂ ಇರಲಿಲ್ಲ. ಆ ಸಾವಿರ ಗಂಟೆಗಳಲ್ಲಿ ಅವಳದೇ ಎನ್ನುವಂಥದ್ದು ಏನಾದರೂ ಇದ್ದಿದ್ದರೆ ಅದು ಆ ‘ಮ್’ ಮಾತ್ರ.

ಒಂದಾದರೂ ಬೇಕು ಎನಿಸಿತು ಅವರಿಗೆ. ಹಸಿವಾದಂತೆ, ಮೈಯಲ್ಲೇ ಎನಿಸಿತು. ಒಂದೇ ಒಂದು ಸಿಕ್ಕಿದರೆ ಸಾಕು.

ಮೊದಲು ಹಡಗಿನ ಕಥೆಯ ಕ್ಯಾಸೆಟ್ಟು ಹುಡುಕಿದರು. ನೆಲಮಾಳಿಗೆಯ ಕಪಾಟಿನಲ್ಲಿ ಸಿಕ್ಕಿತು, ಬೂಷ್ಟು ಹಿಡಿದು ಟೇಪು ಟೇಪಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಕಂದು ಪುಡಿಯಾಗಿ ಬೆರಳಿಗೆ ಹತ್ತಿತು. ಆ ಬೆರಳನ್ನು ಒರೆಸಿಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ.

ಮಗಳಿಗೆ ಫೋನು ಮಾಡಿದರು. ಮಗಳು ಹಳೆಯ ಫೋನಿನಿಂದ ಎರಡು ವಿಡಿಯೋ ಹುಡುಕಿ ಕಳಿಸಿದಳು. ಎರಡರಲ್ಲೂ ಮಿಕ್ಕವರೆಲ್ಲ ಗಲಾಟೆ ಮಾಡುತ್ತಿದ್ದಾರೆ, ಅವಳು ತುಟಿ ಬಿಗಿದು ಕೂತಿದ್ದಾಳೆ. ಮೈಕಾಗಲಿ ಫೋನಾಗಲಿ ಎದುರಿಗಿದ್ದರೆ, ಕೈಯಲ್ಲಿ ಪುಸ್ತಕವಿಲ್ಲದೆ ಬಾಯಿ ಬಿಡಬಾರದು ಎಂಬುದು ಓದುಗಾರ್ತಿಗೆ ಅಂಟಿಕೊಂಡ ಅಭ್ಯಾಸ. ಹಾಗೆ ಅಭ್ಯಾಸ ಮಾಡಿಸಿದವರೂ ಇವರೇ.

“ಇದ್ಯಾಕಪ್ಪ ಈಗ?” ಎಂದು ಮಗಳು ಕೇಳಿದಳು.

“ಸುಮ್ನೆ,” ಎಂದರು.

ಆಮೇಲೆ ನೆನಪಾಯಿತು, ಅವಳ ಕೊನೆಯ ಪುಸ್ತಕ. ಪ್ರಪಂಚದ ಭಾಷೆಗಳ ಧ್ವನಿಗಳ ಬಗ್ಗೆ ಯಾರೋ ವಿದ್ವಾಂಸರು ಬರೆದದ್ದು. ಅದರಲ್ಲಿ ಈ ಧ್ವನಿಗೇ ಒಂದು ಅಧ್ಯಾಯವಿತ್ತು. ಎರಡೂ ತುಟಿ ಮುಚ್ಚಿ ಗಾಳಿಯನ್ನು ಮೂಗಿನಿಂದ ಬಿಡುವುದು. ಭೂಮಿಯ ಮೇಲಿನ ಹೆಚ್ಚುಕಡಿಮೆ ಎಲ್ಲ ಭಾಷೆಗಳಲ್ಲೂ ಇದು ಇದೆ, ಇಲ್ಲದವನ್ನು ಬೆರಳಲ್ಲಿ ಎಣಿಸಬಹುದು. ಇದನ್ನು ಓದಿದ ದಿನ ಅವಳು ಪುಸ್ತಕ ಕೆಳಗಿಟ್ಟು ಗಾಜಿನಾಚೆಯಿಂದ ಬೆರಳು ಆಡಿಸಿದ್ದಳು. “ನೋಡ್ರೀ, ಲೋಕದಲ್ಲಿ ಎಲ್ರಿಗೂ ಬೇಕಾಗಿರೋದನ್ನ ನೀವೊಬ್ರು ಕತ್ತರಿಸಿ ಎಸೀತಾ ಇದ್ದೀರಿ. ನಿಮಗೆ ಯಾವ ಭಾಷೆಯೋರೂ ನೀರು ಕೊಡಲ್ಲ.” ಅಷ್ಟು ಹೊತ್ತಿಗೆ ಅವಳು ಸೊರಗಿಹೋಗಿದ್ದಳು, ಕುರ್ಚಿಗೆ ಎರಡು ದಿಂಬು ಹಾಕಬೇಕಾಗಿತ್ತು. ಆ ಮಾತನ್ನೂ ಅವರು ಕತ್ತರಿಸಿದ್ದರು, ಪುಸ್ತಕದಲ್ಲಿ ಇರದ ಮಾತಲ್ಲವೇ.

ಅಧ್ಯಾಯ ಹಾಕಿ ಕೇಳಿದರು. ‘ಉದಾಹರಣೆಗೆ, ಮ್,’ ಎಂದಳು ಅವಳು. ಶುದ್ಧವಾದ, ತೊಳೆದಿಟ್ಟ ‘ಮ್’, ಕರಿಹಲಗೆಯ ಮೇಲೆ ಬರೆದ ಹಾಗೆ. ಇನ್ನೊಮ್ಮೆ ಕೇಳಿದರು, ಕಣ್ಣು ಮುಚ್ಚಿ ಮತ್ತೊಮ್ಮೆ ಕೇಳಿದರು. ಅದು ಅವಳದಲ್ಲ, ಪುಸ್ತಕದ್ದು. ಅವಳು ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ಕತ್ತರಿ ಸಾರ್ ಕಿವಿಯ ಹೆಡ್‌ಫೋನು ತೆಗೆದಿಟ್ಟು, ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಕೂತಿದ್ದರು.

ಬುಧವಾರ ಗ್ರಂಥಾಲಯದ ಮೇಡಂ ಬಂದರು. ಹೊಸ ಕಂಪ್ಯೂಟರುಗಳು ಬರಲಿದ್ದವು, ಶುಕ್ರವಾರ ಹಳೆಯದನ್ನು ಒಯ್ಯುತ್ತಾರೆ. ಮುಗಿದ ಪುಸ್ತಕಗಳನ್ನೆಲ್ಲ ಆಗಲೇ ಹೊಸದಕ್ಕೆ ದಾಟಿಸಿ ಆಗಿತ್ತು.

“ಸಾರ್, ಈ ‘ಸುಮ್ಮನೆ’ ಅಂತ ಒಂದು ಫೋಲ್ಡರ್ ಇದೆ, ಭಾರಿ ಜಾಗ ತಿಂತಿದೆ. ತೆರೆದು ನೋಡಿದ್ರೆ ಏನೂ ಕೇಳಿಸಲ್ಲ. ಅಳಿಸಿಬಿಡ್ಲಾ?”

ಕತ್ತರಿ ಸಾರ್ ತಲೆಯೆತ್ತಿದರು. “ತಡೀರಿ ಮೇಡಂ,” ಎಂದರು. “ಶುಕ್ರವಾರದ ತನಕ ತಡೀರಿ.”

ಆ ಫೋಲ್ಡರಿನ ವಿಷಯ ಸ್ವಲ್ಪ ಹೇಳಬೇಕು. ಓದಿನ ನಡುವೆ ಒಂದು ಕೆಮ್ಮು ಕತ್ತರಿಸಿದಿರಿ ಎನ್ನಿ, ಅಲ್ಲಿ ಒಂದು ತೂತು ಬೀಳುತ್ತದೆ. ಆ ತೂತನ್ನು ಹಾಗೇ ಬಿಟ್ಟರೆ ಕೇಳುವವನಿಗೆ ತಟ್ಟನೆ ಕಿವುಡಾದ ಹಾಗಾಗುತ್ತದೆ. ಅದಕ್ಕೆ ಮೌನದ ತೇಪೆ ಹಾಕಬೇಕು. ಎಲ್ಲಿಂದಲೋ ತಂದ ಮೌನ ನಡೆಯುವುದಿಲ್ಲ, ಅದೇ ಕೋಣೆಯದ್ದೇ ಆಗಬೇಕು. ಖಾಲಿ ಕೋಣೆಯದ್ದೂ ಅಲ್ಲ, ಓದುವವರು ಒಳಗೆ ಕೂತಿದ್ದಾಗಿನದ್ದು. ಮನುಷ್ಯ ಕೂತ ಕೋಣೆಯ ಮೌನಕ್ಕೂ ಕೂರದ ಕೋಣೆಯ ಮೌನಕ್ಕೂ ವ್ಯತ್ಯಾಸವಿದೆ, ನಂಬಿದರೆ ನಂಬಿ. ಆದ್ದರಿಂದ ಪ್ರತಿ ಪುಸ್ತಕ ಶುರುಮಾಡುವ ಮೊದಲು ಓದುವವರು ಒಂದು ನಿಮಿಷ ಸುಮ್ಮನೆ ಕೂರಬೇಕು. ಅಲುಗಾಡಬಾರದು, ಹಾಳೆ ಮುಟ್ಟಬಾರದು, ಗಾಜಿನಾಚೆಯಿಂದ ‘ಸಾಕು’ ಎನ್ನುವವರೆಗೆ ಬಾಯಿ ಬಿಡಬಾರದು. ನಿಮಿಷವಾದ ಮೇಲೆ ಕತ್ತರಿ ಸಾರ್ ಮೊದಲು ಯಂತ್ರ ನಿಲ್ಲಿಸುತ್ತಿದ್ದರು, ಆಮೇಲೆ ‘ಸಾಕು’ ಎನ್ನುತ್ತಿದ್ದರು. ಆ ನಿಮಿಷದ ಮೊದಲ ನಾಲ್ಕೈದು ಸೆಕೆಂಡು ತೇಪೆಗೆ ಸಾಕಾಗುತ್ತಿತ್ತು. ಮಿಕ್ಕಿದ್ದನ್ನು ಯಾರೂ ಯಾವತ್ತೂ ಕೇಳಿದ್ದಿಲ್ಲ, ಅವರೂ ಕೇಳಿರಲಿಲ್ಲ. ಓದಿನ ಮೂಲ ಮುದ್ರಣವನ್ನೆಲ್ಲ ಜಾಗ ಸಾಲದೆಂದು ಅಂದಂದೇ ಅಳಿಸುತ್ತಿದ್ದರು. ಎಲ್ಲ ಓದುಗರ ಮೌನವನ್ನು ಮಾತ್ರ ಇಟ್ಟುಕೊಂಡಿದ್ದರು, ಮುಂದೆಂದಾದರೂ ರಿಪೇರಿಗೆ ಬೇಕಾದೀತೆಂದು.

ಕಂಪ್ಯೂಟರು ಬಂದ ಮೇಲಿನ ಅವಳ ಪುಸ್ತಕಗಳು ನೂರ ನಲವತ್ತು. ನೂರ ನಲವತ್ತು ಮೌನ. ಅದರಲ್ಲಿ ‘ಮ್’ ಇರುವ ಸಂಭವ ಇಲ್ಲವೇ ಇಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬುಧವಾರ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಹೆಡ್‌ಫೋನು ಏರಿಸಿ ಮೊದಲನೆಯದನ್ನು ಹಾಕಿದರು.

ಏನೂ ಇರಲಿಲ್ಲ. ಸದ್ದನ್ನು ಪೂರ್ತಿ ಏರಿಸಿದರು. ಆಗ ಕೋಣೆ ಬಂತು, ಸದ್ದು ಹೀರಲು ಗೋಡೆಗೆ ಹೊದಿಸಿದ ಸ್ಪಂಜು ನುಂಗಿ ಬಿಟ್ಟ ತೆಳ್ಳನೆಯ ಗಾಳಿ ಬಂತು. ಅದರ ನಡುವೆ ಅವಳು ಉಸಿರಾಡುತ್ತಿದ್ದಳು.

ಒಳಗೆ, ಹೊರಗೆ. ಒಳಗೆ, ಹೊರಗೆ. ನಲವತ್ತನೇ ಸೆಕೆಂಡಿಗೆ ಬಟ್ಟೆ ಸರಿದ ಸದ್ದು. ಐವತ್ತೆರಡಕ್ಕೆ ಎಂಜಲು ನುಂಗಿದಳು. ನಿಮಿಷ ಮುಗಿಯಿತು.

ಎರಡನೆಯದರಲ್ಲಿ ಅವಳಿಗೆ ನೆಗಡಿ. ಏಳನೆಯದರಲ್ಲಿ ನಗು ತಡೆದುಕೊಂಡಿದ್ದಾಳೆ, ಉಸಿರು ತುಂಡುತುಂಡಾಗಿದೆ. ಬಹುಶಃ ಗಾಜಿನಾಚೆ ಇವರು ಗಂಭೀರವಾಗಿ ಗಡಿಯಾರ ನೋಡುತ್ತಿದ್ದುದನ್ನು ಕಂಡಿರಬೇಕು. ಇಪ್ಪತ್ತಮೂರನೆಯದರ ಹೊತ್ತಿಗೆ ಕುರ್ಚಿ ಹೊಸದು, ಕಿರುಗುಟ್ಟುತ್ತದೆ. ಒಂದರಲ್ಲಿ ಅವಳು ಹಿಂದಿನ ದಿನ ಜಗಳವಾಡಿದ್ದಾಳೆ, ಅದು ಅವರಿಗೆ ಉಸಿರಿನಲ್ಲೇ ಗೊತ್ತಾಯಿತು, ಮೂಗಿನ ತುದಿಯಲ್ಲಿ ಕೋಪ ಹಾಗೇ ಇದೆ. ಒಂದೊಂದನ್ನೂ ಮೂರು ನಾಲ್ಕು ಸಲ ಹಾಕಿ ಕೇಳುತ್ತಿದ್ದರು. ಕಿವಿ ಸೋತಾಗ ಎದ್ದು ಟೀ ಕುಡಿದು ಬರುತ್ತಿದ್ದರು, ಮತ್ತೆ ಕೂರುತ್ತಿದ್ದರು. ಗಾಜಿನಾಚೆಯ ಕುರ್ಚಿ ಖಾಲಿ ಇತ್ತು. ಕಿವಿಯಲ್ಲಿ ಅದು ತುಂಬಿತ್ತು. ನೂರ ನಲವತ್ತು ಸಲ ಅವಳು ತಮ್ಮ ಒಂದು ಮಾತಿಗಾಗಿ ಅಲುಗಾಡದೆ ಕಾದು ಕೂತಿದ್ದಾಳೆ ಎಂಬುದು ಅವರಿಗೆ ಆಗ ತಿಳಿಯಿತು. ಇಷ್ಟು ವರ್ಷ ತಾವು ಗಡಿಯಾರ ನೋಡುತ್ತಿದ್ದೆವಲ್ಲ, ಅವಳನ್ನು ನೋಡಬಾರದಿತ್ತೇ ಎಂದು ಸಂಕಟವಾಯಿತು.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ನೂರ ನಲವತ್ತನೆಯದಕ್ಕೆ ಬಂದರು. ಆ ಧ್ವನಿಗಳ ಪುಸ್ತಕದ್ದು, ಕೊನೆಯದು. ಪಕ್ಕದಲ್ಲಿ ಉದ್ದ ತೋರಿಸುವ ಅಂಕಿ ನೋಡಿ ಕನ್ನಡಕ ಒರೆಸಿಕೊಂಡರು. ಮಿಕ್ಕವೆಲ್ಲ ಒಂದು ನಿಮಿಷ. ಇದು ಹದಿನಾಲ್ಕು.

ಆಗ ಆ ದಿನ ನೆನಪಾಯಿತು.

ಹಿಂದಿನ ವಾರ ರಕ್ತ ಕೊಟ್ಟು ಬಂದಿದ್ದರು. ಬುಧವಾರ ಫೋನು ಮಾಡುತ್ತೇನೆಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತಿತ್ತು. ಅವಳು ಒಳಗೆ ಹೋಗಿ ಕೂತಳು, ಇವರು ಯಂತ್ರ ಒತ್ತಿದರು, ಮೌನ ಶುರುವಾಯಿತು. ಅಷ್ಟರಲ್ಲಿ ಮೇಡಂ ಬಾಗಿಲ ಸಂದಿಯಲ್ಲಿ ತಲೆ ಹಾಕಿ, ಕೈಸನ್ನೆಯಿಂದ ಫೋನು ಎಂದರು. ಯಂತ್ರ ನಿಲ್ಲಿಸದೆ ಇವರು ಹೊರಗೆ ಹೋದರು. ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದು ಎರಡೇ ನಿಮಿಷ. ಮಿಕ್ಕ ಹೊತ್ತು ಅವರು ಕೈತೊಳೆಯುವ ಜಾಗದಲ್ಲಿ ನಿಂತು ಮುಖಕ್ಕೆ ನೀರು ಹಾಕಿಕೊಂಡಿದ್ದರು, ಮತ್ತೆ ಮತ್ತೆ ಹಾಕಿಕೊಂಡಿದ್ದರು. ವಾಪಸು ಬಂದಾಗ ಅವಳು ಹಾಗೇ ಕೂತಿದ್ದಳು, ತೊಡೆಯ ಮೇಲೆ ಕೈ ಇಟ್ಟುಕೊಂಡು. ‘ಸಾಕು’ ಎಂದರು. ಅವಳು ಎದ್ದು ಹೊರಗೆ ಬಂದಳು, ಇಬ್ಬರೂ ಟೀ ಕುಡಿದರು. ಅವಳು ಏನೂ ಕೇಳಲಿಲ್ಲ. ಅವರ ನೆನಪಿನಲ್ಲಿದ್ದದ್ದು ಇಷ್ಟು. ಆಮೇಲೆ ಯಂತ್ರ ಯಾವಾಗ ನಿಲ್ಲಿಸಿದರೋ, ಆ ಗಾಬರಿಯಲ್ಲಿ ಅವರಿಗೆ ಪರಿವೆ ಇರಲಿಲ್ಲ.

ಹಾಕಿದರು. ಮೊದಲ ನಿಮಿಷ ಉಸಿರು ನೆಮ್ಮದಿಯಾಗಿತ್ತು. ಎರಡನೆಯ ನಿಮಿಷಕ್ಕೂ ಅವಳು ಅಲುಗಾಡಲಿಲ್ಲ. ಐದು, ಆರು, ಏಳು. ‘ಸಾಕು’ ಬಂದಿರಲಿಲ್ಲ, ಆದ್ದರಿಂದ ಕೂತೇ ಇದ್ದಳು. ಎಂಟನೆಯ ನಿಮಿಷದಲ್ಲಿ ಒಂದು ಉದ್ದ ಉಸಿರು ಎಳೆದು, ಸದ್ದಾಗದಂತೆ ಬಹಳ ಮೆಲ್ಲಗೆ ಬಿಟ್ಟಳು. ಕಾಯಿಲೆಯ ಮೈಯಲ್ಲಿ ಹಾಗೆ ನೆಟ್ಟಗೆ ಕೂರುವುದಕ್ಕೆ ಎಷ್ಟು ನೋವಾಗಿರಬೇಕೆಂದು ಕತ್ತರಿ ಸಾರ್‌ಗೆ ಈಗ ಗೊತ್ತಾಗಿ ಕಣ್ಣು ತುಂಬಿ ಬಂತು. ಹದಿಮೂರನೆಯ ನಿಮಿಷ ದಾಟಿದ ಮೇಲೆ, ದೂರದಿಂದ, ಡಬ್ಬಿಯೊಳಗಿಂದ ಬಂದ ಹಾಗೆ, ಒಳಗಿನ ಸ್ಪೀಕರಿನ ಮೂಲಕ ಅವರದೇ ಧ್ವನಿ ಬಂತು.

“ಸಾಕು.”

ಮತ್ತೆ ಮೌನ. ಆಮೇಲೆ ಅವಳು.

“ಮ್?”

ಕೊನೆಯಲ್ಲಿ ಮೇಲಕ್ಕೆ ಹೋಗಿತ್ತು. ಮೂವತ್ತು ವರ್ಷದ ಪಂಡಿತರಿಗೆ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏನಂದ್ರು ಡಾಕ್ಟರು, ಎಂದು ಅವಳು ಕೇಳಿದ್ದಳು.

“ಏನಿಲ್ಲ,” ಎಂದಿತು ಅವರ ಧ್ವನಿ. ಎಷ್ಟು ಬೇಗ ಎಂದಿತು, ಬಾಯಲ್ಲೇ ಸಿದ್ಧವಾಗಿಟ್ಟುಕೊಂಡಿದ್ದ ಹಾಗೆ.

ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಇನ್ನೊಂದು.

“ಮ್.”

ಇದು ಕೆಳಗೆ ಇಳಿದಿತ್ತು. ಗೊತ್ತಾಯ್ತು, ಇರಲಿ ಬಿಡಿ. ಕುರ್ಚಿ ಹಿಂದೆ ಸರಿಯಿತು, ಬಾಗಿಲು ತೆರೆಯಿತು. ಮುಗಿಯಿತು.

ಕೇಳಿದ್ದಳು. ಅವತ್ತೇ, ಅಲ್ಲೇ, ಆ ಕುರ್ಚಿಯಿಂದಲೇ ಕೇಳಿದ್ದಳು. ಮಗಳ ಮುಂದೆ, ದೇವರ ಮುಂದೆ, ಕನ್ನಡಿಯ ಮುಂದೆ ಅವರು ಹಿಡಿದುಕೊಂಡು ನಿಂತಿದ್ದ ಒಂದು ಮಾತು ಕೈಯಿಂದ ಜಾರಿಹೋಯಿತು. ತಾವು ಅವಳನ್ನು ಕಾಪಾಡಿದೆವು ಎಂದುಕೊಂಡಿದ್ದರು. ಏಳು ತಿಂಗಳು ಅವಳೇ ಇವರನ್ನು ಕಾಪಾಡಿದ್ದಳು. ಲೋಕದಲ್ಲಿ ಎಲ್ಲರಿಗೂ ಬೇಕಾಗಿರುವುದು ಎಂದು ಬೆರಳು ಆಡಿಸಿ ನಗಿಸಿದ್ದಳಲ್ಲ, ಅವತ್ತು ಅವಳಿಗೆ ಎಲ್ಲ ಗೊತ್ತಿತ್ತು. ಬಚ್ಚಲುಮನೆಯ ನಲ್ಲಿಯ ಸದ್ದು ಯಾತಕ್ಕೆಂದೂ ಗೊತ್ತಿದ್ದಿರಬೇಕು. ಅವರು ಅತ್ತರು. ಮೂರು ವರ್ಷದಲ್ಲಿ ಹಾಗೆ ಅತ್ತಿರಲಿಲ್ಲ. ಅವಳಿಗಾಗಿ ಅತ್ತರು, ಅದಕ್ಕಿಂತ ಹೆಚ್ಚಾಗಿ, ಏಳು ತಿಂಗಳು ಇಬ್ಬರೂ ಒಂದೇ ಮನೆಯಲ್ಲಿ ಬೇರೆಬೇರೆಯಾಗಿ ಹೊತ್ತ ಭಾರಕ್ಕಾಗಿ ಅತ್ತರು.

ಸಂಜೆಯಾಗುತ್ತ ಬಂತು. ಮೇಡಂ ಬಾಗಿಲು ತಟ್ಟಿದರು. “ಸಾರ್, ಆ ಫೋಲ್ಡರು...”

“ಅದನ್ನ ಮುಟ್ಬೇಡಿ ಮೇಡಂ,” ಎಂದರು ಒಳಗಿಂದಲೇ. “ಹೊಸದಕ್ಕೆ ಹಾಕಿ. ಎಲ್ಲಾನೂ ಹಾಕಿ.”

ಮೇಡಂ ಹೋದ ಮೇಲೆ ಅವರು ಮುಖ ಒರೆಸಿಕೊಂಡು ಕುರ್ಚಿ ಮುಂದೆ ಎಳೆದುಕೊಂಡರು. ಹದಿನಾಲ್ಕು ನಿಮಿಷದ್ದಕ್ಕೆ ಒಂದು ಪ್ರತಿ ತೆಗೆದರು. ಪರದೆಯ ಮೇಲೆ ಆ ಜಾಗ ಹುಡುಕಿದರು: ಸದ್ದಿನ ಗೆರೆಯಲ್ಲಿ ಸಣ್ಣ ಗುಡ್ಡ, ಅವಳ ಪ್ರಶ್ನೆ, ಅದರ ಪಕ್ಕ ಇನ್ನೊಂದು, ತಮ್ಮ ‘ಏನಿಲ್ಲ’, ಆಮೇಲೆ ಅವಳ ಉತ್ತರ. ಮೂವತ್ತಮೂರು ವರ್ಷದಲ್ಲಿ ಮೊದಲ ಬಾರಿಗೆ ಕತ್ತರಿ ಸಾರ್ ತಮ್ಮ ಮಾತನ್ನು ತಾವು ಕತ್ತರಿಸಿದರು. ತೂತು ಬಿತ್ತು. ಅದಕ್ಕೆ ತೇಪೆ ಬೇಕು. ಅವಳು ಕಾದು ಕೂತಿದ್ದ ಆ ಹದಿಮೂರು ನಿಮಿಷದಿಂದ ಹತ್ತು ಸೆಕೆಂಡು ತೆಗೆದು ಅಲ್ಲಿಟ್ಟು, ಹೆಡ್‌ಫೋನು ಕಳಚಿ, ಸ್ಪೀಕರಿಗೆ ಹಾಕಿದರು.

“ಮ್?” ಎಂದಳು ಅವಳು, ಕೋಣೆಯೊಳಗೆ.

ಕತ್ತರಿ ಸಾರ್ ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಹತ್ತು ಸೆಕೆಂಡು ಕಳೆದು ಅವಳ ಉತ್ತರ ಬಂದುಬಿಟ್ಟಿತು. ಸಾಲದು. ಅವಳ ಮೌನದಿಂದ ಇನ್ನೂ ಸ್ವಲ್ಪ ತೆಗೆದು ಸೇರಿಸಿದರು, ಒಟ್ಟು ನಲವತ್ತು ಸೆಕೆಂಡು. ಗಾಜಿನಾಚೆಯ ಖಾಲಿ ಕುರ್ಚಿಯ ಕಡೆ ತಿರುಗಿ ನೆಟ್ಟಗೆ ಕೂತು ಮತ್ತೆ ಹಾಕಿದರು.

“ಮ್?”

“ಡಾಕ್ಟರು ಫೋನ್ ಮಾಡಿದ್ರು ಕಣೇ,” ಎಂದರು. “ಒಳ್ಳೇದಲ್ಲವಂತೆ. ಒಂದು ವರ್ಷ ಅನ್ನೋದೂ ಕಷ್ಟ ಅಂದ್ರು. ನಿಂಗೆ ಹೇಗೆ ಹೇಳ್ಲಿ ಅಂತ ಗೊತ್ತಾಗ್ದೆ ನಲ್ಲಿ ಹತ್ರ ನಿಂತಿದ್ದೆ. ನಂಗೆ ತುಂಬಾ ಭಯ ಆಗ್ತಿದೆ. ನೀನಿಲ್ದೆ ನಂಗೆ ಬರಲ್ಲ ಕಣೇ, ಯಾವುದೂ ಬರಲ್ಲ.”

ಮಾತು ಮುಗಿಯಿತು. ಇನ್ನೂ ಕೆಲವು ಸೆಕೆಂಡು ಉಳಿದಿತ್ತು. ಸ್ಪೀಕರಿನಲ್ಲಿ ಅವಳು ಉಸಿರಾಡುತ್ತಿದ್ದಳು. ಕತ್ತರಿ ಸಾರ್ ಗಡಿಯಾರ ನೋಡಲಿಲ್ಲ. ತೊಡೆಯ ಮೇಲೆ ಕೈ ಇಟ್ಟುಕೊಂಡು, ಅಲುಗಾಡದೆ ಕಾದರು.

“ಮ್,” ಎಂದಳು ಅವಳು.